ಯಂತ್ರಗಳಿಗೆ ಇರುವ ಪಟ್ಟಿ ಅವುಗಳನ್ನು ನಡೆಸುವವರ ಹುದ್ದೆಗಳಿಗೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ವಿಶ್ವವಿದ್ಯಾಲಯಗಳಲ್ಲಿ ಖಾಲಿ ಉಳಿದ ಪ್ರಾಧ್ಯಾಪಕರ ಹುದ್ದೆಗಳ ಬಗ್ಗೆ, ಅತಿಥಿ ಉಪನ್ಯಾಸಕರ ಬವಣೆಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಆಗಾಗ ವರದಿಗಳೂ ಪತ್ರಗಳೂ ಬರುತ್ತಿರುತ್ತವೆ. ಅವೆಲ್ಲ ಬರಬೇಕಾದವೇ. ಆದರೆ ಅದೇ ಆವರಣದ ಉಪಕರಣ ಕೇಂದ್ರಗಳಲ್ಲಿ, ವರ್ಕ್‌ಶಾಪುಗಳಲ್ಲಿ, ಪ್ರಾಣಿಗೃಹಗಳಲ್ಲಿ, ಕೃಷಿ ಸಂಶೋಧನೆಯ ತಾಕುಗಳಲ್ಲಿ ದುಡಿಯುವ ತಾಂತ್ರಿಕ ಮತ್ತು ಸಂಶೋಧನಾ ಸಿಬ್ಬಂದಿಯ ಮಾತು ಬರುವುದು ಬಹಳ ಅಪರೂಪ. ಆ ಕೆಲಸಗಳು ಎಲ್ಲಿವೆ, ಯಾವಾಗ ಖಾಲಿಯಾಗುತ್ತವೆ, ಅವುಗಳಿಗೆ ಅರ್ಜಿ ಹಾಕುವುದು ಹೇಗೆ ಎಂಬುದನ್ನು ಹೊರಗಿನವರು ತಿಳಿದುಕೊಳ್ಳಲು ಇಂದಿಗೂ ಒಂದು ನೆಟ್ಟಗಿನ ದಾರಿ ಇಲ್ಲ. ರಾಜ್ಯದ ಒಂದು ವಿಶ್ವವಿದ್ಯಾಲಯದ ಉಪಕರಣ ಪ್ರಯೋಗಾಲಯದಲ್ಲಿ ಮೂರು ದಶಕ ತಾಂತ್ರಿಕ ಸಿಬ್ಬಂದಿಯಾಗಿ ಕೆಲಸ ಮಾಡಿ ನಿವೃತ್ತನಾದ ನನಗೆ, ಒಳಗಿನಿಂದ ಕಂಡದ್ದನ್ನೂ ಊರಿಗೆ ಬಂದ ಮೇಲೆ ಹೊರಗಿನಿಂದ ಕಂಡದ್ದನ್ನೂ ಒಟ್ಟಿಗೆ ಬರೆದು ತಿಳಿಸಬೇಕು ಎನ್ನಿಸಿದೆ.

ಇಂಥ ಹುದ್ದೆಗಳಿವೆ ಎಂಬುದೇ ನಮ್ಮ ವಿಜ್ಞಾನ ಪದವೀಧರರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಬಿಎಸ್ಸಿ, ಎಂಎಸ್ಸಿ ಮುಗಿಸಿದವರು ಬಿಎಡ್ ಮಾಡಿ ಶಿಕ್ಷಕರಾಗಬೇಕು, ಇಲ್ಲವೇ ಔಷಧ ಕಂಪನಿ ಸೇರಬೇಕು, ಎರಡೂ ಕೈಗೂಡದಿದ್ದರೆ ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದುತ್ತಾ ಕೂರಬೇಕು ಎಂಬುದೇ ಮನೆಮನೆಯ ಲೆಕ್ಕ. ಐಟಿಐ, ಡಿಪ್ಲೊಮಾ ಮಾಡಿದವರಿಗಂತೂ ವಿಶ್ವವಿದ್ಯಾಲಯ ಎಂದರೆ ತಮಗೆ ಸಂಬಂಧವೇ ಇಲ್ಲದ ಜಾಗ. ಆದರೆ ವಿಶ್ವವಿದ್ಯಾಲಯದ ಸಂಶೋಧನೆ ನಿಂತಿರುವುದು ಅವರಂಥವರ ಕೈಗಳ ಮೇಲೆಯೇ. ಅಣುಗಳ ರಚನೆ ತಿಳಿಯಲು ರಸಾಯನಶಾಸ್ತ್ರದವರು ಬಳಸುವ ಎನ್‌ಎಂಆರ್ ಉಪಕರಣವನ್ನೇ ನೋಡಿ. ಅದರ ಅಯಸ್ಕಾಂತ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ದ್ರವ ಹೀಲಿಯಂನಲ್ಲಿ ಮುಳುಗಿರಬೇಕು. ಅದರ ಹೊರಗೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದ ಕವಚ ಇರಬೇಕು. ಸಾರಜನಕವನ್ನು ವಾರ, ಹತ್ತು ದಿನಕ್ಕೊಮ್ಮೆ ತುಂಬಬೇಕು. ಹೀಲಿಯಂ ಅನ್ನು ಕೆಲವು ತಿಂಗಳಿಗೊಮ್ಮೆ. ದೀಪಾವಳಿ ಇರಲಿ, ಚುನಾವಣೆಯ ರಜೆ ಇರಲಿ, ಆ ಸರದಿ ತಪ್ಪುವಂತಿಲ್ಲ. ಹೀಲಿಯಂ ಮಟ್ಟ ತೀರಾ ಇಳಿದರೆ ಅಯಸ್ಕಾಂತ ತಡೆಯಿಲ್ಲದೆ ವಿದ್ಯುತ್ ಹರಿಸುವ ತನ್ನ ಅತಿವಾಹಕ ಗುಣವನ್ನು ಕಳೆದುಕೊಂಡು, ಉಳಿದ ದ್ರವವೆಲ್ಲ ಕೆಲವೇ ನಿಮಿಷಗಳಲ್ಲಿ ಬಿಳಿ ಮೋಡವಾಗಿ ಹಾರಿಹೋಗುತ್ತದೆ. ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ಖರ್ಚು ಒಬ್ಬ ತಂತ್ರಜ್ಞನ ವರ್ಷಗಟ್ಟಲೆಯ ಸಂಬಳಕ್ಕೆ ಸಮ. ಚರ್ಮದ ಕೈಗವಸು ಹಾಕಿಕೊಂಡು, ಮುಖಕ್ಕೆ ಕವಚ ಕಟ್ಟಿಕೊಂಡು, ಕೊಳವೆಯ ಬಾಯಿಯಿಂದ ಹೊರಬರುವ ಆವಿಯ ಸದ್ದನ್ನು ಕೇಳಿಯೇ ಪಾತ್ರೆ ತುಂಬಿತೆಂದು ಹೇಳಬಲ್ಲವರು ಒಂದು ದಿನದಲ್ಲಿ ತಯಾರಾಗುವುದಿಲ್ಲ.

ಹಾಗೆಯೇ ಆಮ್ಲಜನಕ ಬೆರೆಸಿದ ಜ್ವಾಲೆಯ ಮುಂದೆ ಕೂತು ಗಾಜಿನ ಕೊಳವೆಗಳನ್ನು ತಿರುಗಿಸುತ್ತಾ ಸಂಶೋಧಕರಿಗೆ ಬೇಕಾದ ಆಕಾರದ ಪಾತ್ರೆಗಳನ್ನು ಊದಿಕೊಡುವವರಿದ್ದಾರೆ. ಒಣಗಿಸಿದ ಸಸ್ಯಗಳನ್ನು ಹಾಳೆಗೆ ಅಂಟಿಸಿ, ಹುಳ ಹತ್ತದಂತೆ ಕಾಪಾಡಿ, ಐವತ್ತು ವರ್ಷ ಹಳೆಯ ಮಾದರಿಯನ್ನೂ ಐದು ನಿಮಿಷದಲ್ಲಿ ಹುಡುಕಿಕೊಡುವವರಿದ್ದಾರೆ. ಲೇತ್ ಯಂತ್ರದಲ್ಲಿ ಭಾಗಗಳನ್ನು ಕೊರೆಯುವವರು, ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುವವರು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ನಡೆಸುವವರು ಇದ್ದಾರೆ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬೆಳಗಿನ ಮಂಜಿನಲ್ಲೇ ರಾಗಿ, ಜೋಳ, ಶೇಂಗಾ ತಾಕುಗಳಿಗೆ ಇಳಿದು ತೆನೆ ಎಣಿಸಿ, ರೋಗದ ಗುರುತನ್ನು ಪಟ್ಟಿ ಮಾಡುವ ಕ್ಷೇತ್ರ ಸಹಾಯಕರಿದ್ದಾರೆ. ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಗಳಿಗೆ ವರ್ಷಗಟ್ಟಲೆ ಜೊತೆಯಾಗಿ ನಿಂತ ಸಹಾಯಕ ಅಶುತೋಷ್ ಡೇ ಅವರ ಹೆಸರನ್ನು ನಮ್ಮ ಶಾಲೆಯ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ; ಈ ವೃತ್ತಿ ಹೊರಗಿನವರ ಕಣ್ಣಿಗೆ ಬೀಳದೆ ಉಳಿದಿರುವುದಕ್ಕೆ ಅದೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ಈ ಹುದ್ದೆಗಳಲ್ಲಿ ಎರಡು ಬಗೆ. ಸರ್ಕಾರ ಮಂಜೂರು ಮಾಡಿದ ಕಾಯಂ ಹುದ್ದೆಗಳು ಒಂದು ಕಡೆ: ತಾಂತ್ರಿಕ ಅಧಿಕಾರಿ, ತಾಂತ್ರಿಕ ಸಹಾಯಕ, ಪ್ರಯೋಗಾಲಯ ಸಹಾಯಕ, ಅಟೆಂಡರ್ ಮುಂತಾದವು. ಇವುಗಳನ್ನು ತುಂಬಲು ಆರ್ಥಿಕ ಇಲಾಖೆಯ ಒಪ್ಪಿಗೆ, ಮೀಸಲಾತಿಯ ಸರದಿ ಪಟ್ಟಿಯಾದ ರೋಸ್ಟರ್, ಕಲ್ಯಾಣ ಕರ್ನಾಟಕಕ್ಕೆ ಸಂಬಂಧಿಸಿದ ಸಂವಿಧಾನದ 371ಜೆ ವಿಧಿಯ ವರ್ಗೀಕರಣ ಎಲ್ಲ ಆಗಬೇಕು. ಹಾಗಾಗಿ ಅಧಿಸೂಚನೆ ಬರುವುದೇ ಎಷ್ಟೋ ವರ್ಷಗಳಿಗೊಮ್ಮೆ. ಬಂದಾಗ ಮಾತ್ರ ಪತ್ರಿಕೆಗಳಲ್ಲಿ ಜಾಹೀರಾತು ಕಾಣುತ್ತದೆ, ಅರ್ಜಿ ಹಾಕಲು ಸಮಯವೂ ಸಿಗುತ್ತದೆ. ಎರಡನೆಯದು ಯೋಜನೆಗಳ ಹುದ್ದೆಗಳು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆ, 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ದೃಷ್ಟಿ ಸಮೂಹ ಮೊದಲಾದವು ಒಬ್ಬ ಪ್ರಾಧ್ಯಾಪಕರಿಗೆ ಎರಡು, ಮೂರು ವರ್ಷಕ್ಕೆ ಹಣ ಕೊಡುತ್ತವೆ. ಆ ಹಣದಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೊ), ಪ್ರಾಜೆಕ್ಟ್ ಅಸೋಸಿಯೇಟ್, ಪ್ರಾಜೆಕ್ಟ್ ಅಸಿಸ್ಟೆಂಟ್, ಕ್ಷೇತ್ರ ಸಹಾಯಕ ಎಂದು ಒಬ್ಬರೋ ಇಬ್ಬರೋ ಸೇರುತ್ತಾರೆ. ಯೋಜನೆ ಮುಗಿದ ದಿನ ಹುದ್ದೆಯೂ ಮುಗಿಯುತ್ತದೆ. ಕಾಯಂ ನೇಮಕಾತಿ ನಿಂತುಹೋಗಿರುವ ಇಂದಿನ ದಿನಗಳಲ್ಲಿ ಹೊಸಬರೊಬ್ಬರು ವಿಶ್ವವಿದ್ಯಾಲಯದ ಒಳಗೆ ಕಾಲಿಡುವುದು ಹೆಚ್ಚಾಗಿ ಈ ಎರಡನೆಯ ಬಾಗಿಲಿನಿಂದ. ತೊಡಕಿರುವುದೂ ಅಲ್ಲಿಯೇ.

ನಮ್ಮ ಬೀದಿಯ ಒಬ್ಬ ಹುಡುಗಿಯ ಕತೆ ಹೇಳುತ್ತೇನೆ. ತಂದೆ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಾರೆ. ಹುಡುಗಿ ಸಾವಯವ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಒಳ್ಳೆಯ ಅಂಕ ತೆಗೆದಿದ್ದಾಳೆ. ಕಳೆದ ವರ್ಷ ಒಂದು ಮಂಗಳವಾರ ಸಂಜೆ ಮೊಬೈಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಸಹಪಾಠಿಯೊಬ್ಬಳು ವಾಟ್ಸಾಪಿನಲ್ಲಿ ಕಳಿಸಿದ್ದ ಒಂದು ಪ್ರಕಟಣೆ ಅದರಲ್ಲಿತ್ತು: ಪ್ರಾಜೆಕ್ಟ್ ಅಸಿಸ್ಟೆಂಟ್ ಒಂದು ಹುದ್ದೆ, ಅವಳ ಓದಿಗೆ ಅಳತೆ ತೆಗೆದು ಹೊಲಿದಂತಿತ್ತು. "ಕಾಕಾ, ಇದರ ಇಂಟರ್‌ವ್ಯೂ ನಿನ್ನೇನ ಮುಗದೈತ್ರಿ" ಎಂದಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಟೈಪ್ ಮಾಡಿದ ಒಂದು ಹಾಳೆಯನ್ನು ಸೊಟ್ಟಗೆ ಸ್ಕ್ಯಾನ್ ಮಾಡಿ ಹಾಕಿದ್ದರು; ಪೂರ್ತಿ ಇಂಗ್ಲಿಷ್. ಮೊಹರಿನ ಮೇಲಿದ್ದ ದಿನಾಂಕ ಹಿಂದಿನ ಗುರುವಾರದ್ದು, ನೇರ ಸಂದರ್ಶನ ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ನಡುವೆ ಇದ್ದದ್ದು ಒಂದೇ ಒಂದು ಪೂರ್ಣ ಕೆಲಸದ ದಿನ. ಪ್ರಕಟಣೆಯನ್ನು ಹಾಕಿದ್ದು ನೇಮಕಾತಿ ಪುಟದಲ್ಲಲ್ಲ, ವಿಭಾಗದ ಪುಟದ ಕೆಳಗೆ, ಹಳೆಯ ವಿಚಾರಸಂಕಿರಣಗಳ ಕರಪತ್ರಗಳ ನಡುವೆ. ಸಂಬಳದ ಜಾಗದಲ್ಲಿ "ನಿಯಮಾನುಸಾರ" ಎಂದಷ್ಟೇ ಇತ್ತು. ಬಂದು ಹೋಗುವ ಖರ್ಚು ಕೊಡುವುದಿಲ್ಲ ಎಂಬ ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು.

ಆ ಪ್ರಾಧ್ಯಾಪಕರು ಮೋಸ ಮಾಡಿದರೆಂದು ನಾನು ಹೇಳುತ್ತಿಲ್ಲ. ಇಂಥ ಪ್ರಕಟಣೆಗಳನ್ನು ನಾನೇ ಎಷ್ಟೋ ಬಾರಿ ಟೈಪ್ ಮಾಡಿ ಸೂಚನಾ ಫಲಕಕ್ಕೆ ಪಿನ್ನು ಚುಚ್ಚಿದ್ದೇನೆ. ಯೋಜನೆಯ ಮಂಜೂರಾತಿ ಪತ್ರ ಬಂದು, ಹಣ ಖಾತೆಗೆ ಜಮಾ ಆಗಿ, ಕುಲಸಚಿವರ ಕಚೇರಿಯಿಂದ ಕಡತ ಹಿಂದಿರುಗುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಆರ್ಥಿಕ ವರ್ಷ ಮುಗಿಯುವುದರೊಳಗೆ ಖರ್ಚಿನ ಲೆಕ್ಕ ಕೊಡಬೇಕಾಗಿರುತ್ತದೆ. ಆ ಅವಸರದಲ್ಲಿ ಫಲಕದ ಮೇಲೆ ಒಂದು ಹಾಳೆ, ವಿಭಾಗದಲ್ಲೇ ಓದಿದ ನಾಲ್ಕು ವಿದ್ಯಾರ್ಥಿಗಳಿಗೆ ಒಂದು ಮಾತು, ಅಲ್ಲಿಗೆ ಪ್ರಕಟಣೆ ಮುಗಿಯಿತು. ಕಾರಿಡಾರಿನಲ್ಲಿ ಓಡಾಡುವವರಿಗೆ ಸುದ್ದಿ ಮುಟ್ಟುತ್ತದೆ. ಬೀದರಿನಲ್ಲೋ ಚಾಮರಾಜನಗರದಲ್ಲೋ ಕೂತ ಹುಡುಗನಿಗೆ ಮುಟ್ಟುವುದಿಲ್ಲ. ಯಾರಿಗೂ ಕೆಟ್ಟ ಉದ್ದೇಶ ಇಲ್ಲದೆಯೇ ಅವಕಾಶ ಕೆಲವರ ನಡುವೆಯೇ ಸುತ್ತುತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದರಲ್ಲಿ ನನ್ನ ಪಾಲೂ ಇತ್ತೆಂದು ಈಗ ನೋವಾಗುತ್ತದೆ.

ಖಾಲಿ ಜಾಗದ ಸುದ್ದಿ ಎಲ್ಲರಿಗೂ ಮುಟ್ಟಬೇಕು ಎಂಬ ಮಾತು ಹೊಸದೇನಲ್ಲ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ಕಡ್ಡಾಯವಾಗಿ ತಿಳಿಸಬೇಕೆಂದು ಸಂಸತ್ತು 1959ರಲ್ಲೇ ಕಾಯ್ದೆ ಮಾಡಿತು. ಸಂದರ್ಶನಕ್ಕೆ ಕನಿಷ್ಠ 15 ದಿನ ಮುಂಚೆ ತಿಳಿಸಬೇಕೆಂದು ಅದರ ನಿಯಮಗಳು ಹೇಳಿದವು. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸಗಳಿಗೆ ವಿನಾಯಿತಿ ಇತ್ತು. ಎರಡು, ಮೂರು ವರ್ಷದ ಯೋಜನೆಯ ಹುದ್ದೆಯನ್ನು ಮೂರು ದಿನದ ಪ್ರಕಟಣೆಯಲ್ಲಿ ತುಂಬುವುದು ಆ ಆಶಯಕ್ಕೆ ಎಷ್ಟು ದೂರ ಎಂಬುದನ್ನು ಓದುಗರೇ ಅಳೆಯಬಹುದು. ಇನ್ನು 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ಉಮಾದೇವಿ ಪ್ರಕರಣದ ತೀರ್ಪು ಎಲ್ಲರಿಗೂ ಗೊತ್ತಿದೆ. ಅದು ನಮ್ಮ ರಾಜ್ಯದ್ದೇ ಪ್ರಕರಣ; ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿ ಆಧಾರದ ಮೇಲೆ ಸೇರಿದವರಿಂದ ಶುರುವಾದದ್ದು. ಬಹಿರಂಗ ಪ್ರಕಟಣೆಯಿಲ್ಲದೆ, ಸ್ಪರ್ಧೆಯಿಲ್ಲದೆ ನಡೆದ ನೇಮಕಾತಿಯನ್ನು ಕಾಯಂ ಮಾಡುವಂತಿಲ್ಲ, ಏಕೆಂದರೆ ಸಂವಿಧಾನದ 14 ಮತ್ತು 16ನೇ ವಿಧಿಗಳು ಅರ್ಹರಾದ ಎಲ್ಲರಿಗೂ ಸಮಾನ ಅವಕಾಶವನ್ನು ಕೊಟ್ಟಿವೆ ಎಂಬುದು ಅದರ ತಿರುಳು. ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಬಾರಿಗೆ ಸಕ್ರಮ ಮಾಡಬಹುದೆಂದೂ ಅದೇ ತೀರ್ಪಿನಲ್ಲಿ ಹೇಳಿದೆ. ಆದರೆ ನಮ್ಮ ಸಂಸ್ಥೆಗಳು ಆ ತೀರ್ಪಿನಿಂದ ಕಲಿತದ್ದು ಅರ್ಧ ಮಾತ್ರ. ತಾತ್ಕಾಲಿಕ ಸಿಬ್ಬಂದಿ ಕಾಯಮಾತಿ ಕೇಳಬಾರದು ಎಂಬುದನ್ನು ಮುಚ್ಚಳಿಕೆ ಬರೆಸಿಕೊಳ್ಳುವಷ್ಟು ಚೆನ್ನಾಗಿ ಕಲಿತರು. ತಾತ್ಕಾಲಿಕ ಹುದ್ದೆಯ ಸುದ್ದಿಯೂ ಅರ್ಹರೆಲ್ಲರಿಗೂ ಮುಟ್ಟಬೇಕು ಎಂಬುದನ್ನು ಕಲಿಯಲಿಲ್ಲ.

ಕಾಯಂ ಹುದ್ದೆಗಳು ಖಾಲಿಯಾದ ಹಾಗೆಲ್ಲ ಅವುಗಳ ಕೆಲಸವನ್ನು ಹೊರಗುತ್ತಿಗೆಗೆ ಕೊಡುವುದು ಈಗ ರೂಢಿಯಾಗಿದೆ. ಪ್ರಯೋಗಾಲಯದ ಸಹಾಯಕನನ್ನೂ ಕಾವಲುಗಾರನನ್ನೂ ಒಂದೇ ಟೆಂಡರಿನಲ್ಲಿ ಏಜೆನ್ಸಿ ಪೂರೈಸುತ್ತದೆ. ಟೆಂಡರು ಬದಲಾದಾಗ ಮಾಲೀಕ ಬದಲಾಗುತ್ತಾನೆ, ಪಿಎಫ್ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ; ಅದೇ ಮನುಷ್ಯ ಅದೇ ಮೇಜಿನ ಮುಂದೆ ಇರುತ್ತಾನೆ, ಇಲ್ಲವೇ ಕಲಿತ ಕೈ ಹೋಗಿ ಹೊಸ ಕೈ ಬರುತ್ತದೆ. ನಾನು ನಿವೃತ್ತನಾದ ಮೇಲೆ ಒಮ್ಮೆ ಹಳೆಯ ಪ್ರಯೋಗಾಲಯಕ್ಕೆ ಹೋಗಿದ್ದೆ. ನಾನು ಹದಿನಾಲ್ಕು ವರ್ಷ ನಡೆಸಿದ ಉಪಕರಣದ ಮೇಲೆ ಹಾಸಿಗೆಯ ಹೊದಿಕೆಯಂಥ ಒಂದು ಬಟ್ಟೆ ಹೊದಿಸಿದ್ದರು, ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ದೂಳು. ಕೆಟ್ಟಿತ್ತೇ ಎಂದು ಕೇಳಿದರೆ, ಇಲ್ಲ ಸರ್, ನಡೆಸುವವರು ಇಲ್ಲ ಎಂದರು. ಕೊಳ್ಳಲು ಕೋಟಿಗಟ್ಟಲೆ ಕೊಡುವ ಸರ್ಕಾರ ಅದರ ಮುಂದೆ ಕೂರುವವನ ಹುದ್ದೆಯನ್ನು ಬೇರೆಯೇ ಲೆಕ್ಕದಲ್ಲಿಟ್ಟು ಮರೆಯುತ್ತದೆ. ಆ ದಿನ ನಾನು ಚಹಾ ಕೂಡ ಕುಡಿಯದೆ ಬಂದುಬಿಟ್ಟೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಸಂಶೋಧನಾ ಉಪಕರಣ ಇದೆ, ಹೊರಗಿನವರು ಅದನ್ನು ಬಳಸುವುದು ಹೇಗೆ ಎಂಬುದನ್ನು ಒಂದೇ ಕಡೆ ತೋರಿಸಲು ಕೇಂದ್ರ ಸರ್ಕಾರ ಐ-ಸ್ಟೆಮ್ ಎಂಬ ಜಾಲತಾಣ ಮಾಡಿದೆ. ಅದನ್ನು ಪ್ರಧಾನಿಯವರು ಲೋಕಾರ್ಪಣೆ ಮಾಡಿದ್ದು 2020ರ ಜನವರಿಯಲ್ಲಿ, ನಮ್ಮ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ನಡೆದ ಭಾರತೀಯ ವಿಜ್ಞಾನ ಸಮಾವೇಶದಲ್ಲಿಯೇ. ಒಳ್ಳೆಯ ಕೆಲಸ. ವಿಶ್ವವಿದ್ಯಾಲಯ ದೊಡ್ಡ ಮೊತ್ತದ ಏನನ್ನಾದರೂ ಕೊಳ್ಳಬೇಕಾದರೆ ಸಾರ್ವಜನಿಕ ಖರೀದಿಗೆಂದು ರಾಜ್ಯ ಮಾಡಿದ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರು ಕರೆಯಬೇಕು. ಆ ಟೆಂಡರು ರಾಜ್ಯದ ಸಂಗ್ರಹಣಾ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇರುತ್ತದೆ. ವಿದ್ಯಾರ್ಥಿಗಳ ಪ್ರವೇಶ, ಪರೀಕ್ಷೆ, ಫಲಿತಾಂಶಗಳಿಗೆ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶದ ಅಡಿಯಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳನ್ನು ತಂದಾಗಿದೆ. ಯಂತ್ರಕ್ಕೆ ಪಟ್ಟಿ ಇದೆ, ಖರೀದಿಗೆ ಪಟ್ಟಿ ಇದೆ, ಅಂಕಪಟ್ಟಿಗೂ ಒಂದು ಜಾಗ ಇದೆ. ಆ ಯಂತ್ರವನ್ನು ನಡೆಸುವ ಮನುಷ್ಯನ ಹುದ್ದೆ ಖಾಲಿ ಇದೆ ಎಂದು ಹೇಳಲು ಮಾತ್ರ ಒಂದು ಪಟ್ಟಿ ಇಲ್ಲ. ಉನ್ನತ ಶಿಕ್ಷಣ ಇಲಾಖೆ ಮನಸ್ಸು ಮಾಡಿದರೆ, ಇರುವ ವ್ಯವಸ್ಥೆಯಲ್ಲೇ ಒಂದು ಪುಟ ಸೇರಿಸಿ, ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳ ತಾಂತ್ರಿಕ ಮತ್ತು ಸಂಶೋಧನಾ ಹುದ್ದೆಗಳು, ಆರು ತಿಂಗಳದ್ದಾಗಲಿ ಮೂರು ವರ್ಷದ್ದಾಗಲಿ, ಮೊದಲು ಅಲ್ಲಿ ಪ್ರಕಟವಾಗಬೇಕು, ಅಲ್ಲಿ ಪ್ರಕಟವಾಗದೆ ಸಂದರ್ಶನ ನಡೆಸುವಂತಿಲ್ಲ ಎಂದು ಒಂದು ಸುತ್ತೋಲೆ ಹೊರಡಿಸಬಹುದು.

ಆ ಪ್ರಕಟಣೆಯಲ್ಲಿ ಇರಬೇಕಾದದ್ದು ಹೆಚ್ಚೇನೂ ಅಲ್ಲ. ಮುಖ್ಯವಾಗಿ ಸಂಬಳವನ್ನು ಅಂಕಿಯಲ್ಲಿ ಬರೆಯಬೇಕು. ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ಜಾರಿಗೆ ಬರುವಂತೆ ಜೆಆರ್‌ಎಫ್ ಮೊತ್ತವನ್ನು ತಿಂಗಳಿಗೆ 31,000 ರೂಪಾಯಿಯಿಂದ 37,000ಕ್ಕೂ, ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೊ) ಮೊತ್ತವನ್ನು 35,000ದಿಂದ 42,000ಕ್ಕೂ ಏರಿಸಿತು. ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಇದು ನೆಟ್, ಗೇಟ್‌ನಂಥ ಪರೀಕ್ಷೆಯಲ್ಲಿ ಅರ್ಹತೆ ಪಡೆದವರಿಗೆ. ಅದಿಲ್ಲದವರ ಹುದ್ದೆಯ ಹೆಸರೂ ಮೊತ್ತವೂ ಬೇರೆ, ಹಣ ಕೊಡುವ ಸಂಸ್ಥೆಯಿಂದ ಸಂಸ್ಥೆಗೂ ವ್ಯತ್ಯಾಸ ಉಂಟು, ಊರಿನ ದರ್ಜೆಗೆ ತಕ್ಕಂತೆ ಬಾಡಿಗೆ ಭತ್ಯೆಯೂ ಬದಲಾಗುತ್ತದೆ. ಇದೆಲ್ಲ ಒಳಗಿನವರಿಗೆ ಬಾಯಿಪಾಠ. "ನಿಯಮಾನುಸಾರ" ಎಂಬ ಒಂದು ಪದ ಓದಿ ಊರಿನಿಂದ ರಾತ್ರಿ ಬಸ್ಸು ಹತ್ತುವ ಅಭ್ಯರ್ಥಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಯೋಜನೆಯಲ್ಲಿ ಇನ್ನು ಎಷ್ಟು ತಿಂಗಳು ಉಳಿದಿವೆ ಎಂಬುದನ್ನೂ ತಪ್ಪದೆ ಬರೆಯಬೇಕು. ಮೂರು ವರ್ಷದ ಯೋಜನೆ ಎಂದು ಓದಿ ಸೇರಿದವರು, ಅದರಲ್ಲಿ ಏಳು ತಿಂಗಳಷ್ಟೇ ಬಾಕಿ ಎಂದು ಸೇರಿದ ಮೇಲೆ ತಿಳಿದು ಕೈಹಿಸುಕಿಕೊಂಡದ್ದನ್ನು ನೋಡಿದ್ದೇನೆ. ಅನುದಾನ ಕಂತುಗಳಲ್ಲಿ ಬರುವುದರಿಂದ ಸಂಬಳ ಕೆಲವೊಮ್ಮೆ ತಡವಾಗುತ್ತದೆ. ಅದನ್ನೂ ಮುಂಚಿತವಾಗಿ ಹೇಳಿಬಿಡುವುದು ನ್ಯಾಯ.

ಭಾಷೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಶೋಧನೆಯ ಭಾಷೆ ಇಂಗ್ಲಿಷ್ ಎಂಬುದು ಸರಿ. ಜೆಆರ್‌ಎಫ್ ಹುದ್ದೆಗೆ ಬರುವವರು ಇಂಗ್ಲಿಷ್ ಪ್ರಕಟಣೆಯನ್ನು ಓದಿಕೊಳ್ಳುತ್ತಾರೆ. ಆದರೆ ಪ್ರಯೋಗಾಲಯ ಸಹಾಯಕ, ಫಿಟ್ಟರ್, ಎಲೆಕ್ಟ್ರೀಷಿಯನ್, ಪ್ರಾಣಿಗೃಹದ ಸಹಾಯಕ, ಕ್ಷೇತ್ರ ಸಹಾಯಕ ಹುದ್ದೆಗಳಿಗೆ ಬರಬೇಕಾದವರು ಐಟಿಐ, ಡಿಪ್ಲೊಮಾ, ಕೃಷಿ ಡಿಪ್ಲೊಮಾ ಓದಿದ ಹಳ್ಳಿಯ ಮಕ್ಕಳು. ತಾಕಿನಲ್ಲಿ ನಿಂತು ರೈತರೊಂದಿಗೆ ಮಾತಾಡಿ ಮಾಹಿತಿ ಬರೆದುಕೊಳ್ಳುವ ಕೆಲಸಕ್ಕೆ ಜನ ಬೇಕೆಂದು ಇಂಗ್ಲಿಷಿನಲ್ಲಿ ಮಾತ್ರ ಕೇಳುವುದು ಹೇಗೆ ಸರಿ? ಕೇಂದ್ರ ಸರ್ಕಾರದ ಎಂಪ್ಲಾಯ್‌ಮೆಂಟ್ ನ್ಯೂಸ್ ವಾರಪತ್ರಿಕೆ ಇಂಗ್ಲಿಷ್, ಹಿಂದಿ, ಉರ್ದುಗಳಲ್ಲಿ ಬರುತ್ತದೆ, ಕನ್ನಡದಲ್ಲಿ ಇಲ್ಲ. ಆ ಕೊರತೆಯನ್ನು ತುಂಬುವುದು ರಾಜ್ಯದ್ದೇ ಕೆಲಸ. ಹುದ್ದೆ, ಓದು, ಸಂಬಳ, ಅವಧಿ, ಕಡೆಯ ದಿನ, ಇಷ್ಟನ್ನು ಕನ್ನಡದಲ್ಲಿ ಬರೆಯಲು ಅರ್ಧ ಹಾಳೆ ಸಾಕು.

ದೂರದ ಮಾತೂ ಇದೆ. ಬೀದರಿನಿಂದ ಬೆಂಗಳೂರಿಗೆ, ಕಾರವಾರದಿಂದ ರಾಯಚೂರಿಗೆ ಒಂದು ಹುದ್ದೆಯ ನೇರ ಸಂದರ್ಶನಕ್ಕೆ ಹೋಗಿ ಬರುವ ಖರ್ಚು ಒಂದು ಬಡ ಮನೆಗೆ ವಾರದ ಕೂಲಿ. ಅಲ್ಲಿ ಹೋದ ಮೇಲೆ ನಲವತ್ತು ಜನ ಸಾಲಿನಲ್ಲಿ ನಿಂತಿರುತ್ತಾರೆ, ಸಂದರ್ಶನ ಮೂರು ನಿಮಿಷ. ಮೊದಲ ಸುತ್ತನ್ನು ವಿಡಿಯೊ ಕರೆಯಲ್ಲಿ ನಡೆಸಿ, ಕಡೆಗೆ ಉಳಿದ ನಾಲ್ಕೈದು ಜನರನ್ನು ಮಾತ್ರ ಕರೆಸಿ, ಅವರ ಕೈಗೆ ಉಪಕರಣ ಕೊಟ್ಟು ನೋಡಿದರೆ ಎರಡೂ ಕಡೆಯವರಿಗೆ ಲಾಭ. ತಂತ್ರಜ್ಞನನ್ನು ಬಾಯಿಮಾತಿನಲ್ಲಿ ಅಳೆಯಲಾಗದು. ನಮ್ಮಲ್ಲಿ ಒಬ್ಬ ಹಿರಿಯ ಪ್ರಾಧ್ಯಾಪಕರು ಅಭ್ಯರ್ಥಿಯ ಕೈಗೆ ದ್ರವ ಅಳೆದು ತೆಗೆಯುವ ಒಂದು ಪಿಪೆಟ್ ಕೊಟ್ಟು ಹತ್ತು ಸಲ ಒಂದೇ ಅಳತೆಯ ನೀರು ತೆಗೆಯಲು ಹೇಳಿ, ಪ್ರತಿ ಸಲವೂ ತಕ್ಕಡಿಯಲ್ಲಿ ತೂಗಿಸುತ್ತಿದ್ದರು. ಅವರು ಆರಿಸಿದವರು ಯಾರೂ ನಮಗೆ ಭಾರವಾಗಲಿಲ್ಲ.

ಸುತ್ತೋಲೆ ಬರುವವರೆಗೆ ಹುಡುಗರು ಕಾದು ಕೂರಬಾರದು. ಅವರಿಗಾಗಿ ತಿಳಿದಷ್ಟನ್ನು ಹೇಳುತ್ತೇನೆ. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ನೇಮಕಾತಿ ಪುಟ ಒಂದನ್ನೇ ನೋಡಿ ಬಿಡಬೇಡಿ. ವಿಭಾಗಗಳ ಪುಟ, ಅಧಿಸೂಚನೆ ಪುಟ, ಉಪಕರಣ ಕೇಂದ್ರದ ಪುಟಗಳನ್ನೂ ವಾರಕ್ಕೊಮ್ಮೆ ನೋಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರ, ಮೈಸೂರು ವಿಶ್ವವಿದ್ಯಾಲಯದ ವಿಜ್ಞಾನ ಭವನ ಇಂಥ ಕಡೆ ಯಾವ ಯಂತ್ರಗಳಿವೆ ಎಂದು ಓದಿದರೇ ಯಾವ ಕೌಶಲಕ್ಕೆ ಬೇಡಿಕೆ ಇದೆ ಎಂಬುದು ಅರ್ಧ ತಿಳಿಯುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳಾಚೆಗೂ ಕಣ್ಣಿಡಿ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಸುರತ್ಕಲ್ಲಿನ ಎನ್‌ಐಟಿಕೆ, ಧಾರವಾಡದ ಐಐಟಿ, ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ. ಕೃಷಿ ಓದಿದವರು ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ, ಬಾಗಲಕೋಟೆಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳ ಸಮನ್ವಿತ ಸಂಶೋಧನಾ ಯೋಜನೆಗಳನ್ನು, ಅಂದರೆ ದೇಶದ ಹಲವು ಕೇಂದ್ರಗಳಲ್ಲಿ ಒಟ್ಟಾಗಿ ನಡೆಯುವ ಯೋಜನೆಗಳನ್ನು, ವಿಚಾರಿಸಬೇಕು. ಅಂಥ ಯೋಜನೆಗಳ ಖರ್ಚಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 75 ಪಾಲು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನದು, 25 ಪಾಲು ರಾಜ್ಯದ್ದು. ವರ್ಷದಿಂದ ವರ್ಷಕ್ಕೆ ಮುಂದುವರಿಯುವುದರಿಂದ ಅವುಗಳಲ್ಲಿ ಕೆಲಸ ತುಸು ಗಟ್ಟಿ.

ಪ್ರಾಧ್ಯಾಪಕರಿಗೆ ನೇರವಾಗಿ ಇಮೇಲ್ ಬರೆಯಲು ಸಂಕೋಚಪಡಬೇಡಿ. ಅವರ ಇತ್ತೀಚಿನ ಒಂದು ಸಂಶೋಧನಾ ಲೇಖನ ಓದಿ, ನಿಮಗೆ ಯಾವ ಉಪಕರಣ ನಡೆಸಲು ಬರುತ್ತದೆ, ಎಂಎಸ್ಸಿ ಯೋಜನೆಯಲ್ಲಿ ನಿಮ್ಮ ಕೈಯಾರೆ ಏನು ಮಾಡಿದ್ದೀರಿ ಎಂದು ಹತ್ತು ಸಾಲಿನಲ್ಲಿ ಬರೆಯಿರಿ. ಇಪ್ಪತ್ತು ಪತ್ರಕ್ಕೆ ಎರಡು ಉತ್ತರ ಬಂದರೂ ನಷ್ಟವಿಲ್ಲ. ಪ್ರಕಟಣೆ ಸಿಕ್ಕ ಕೂಡಲೇ ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ, ಹಣ ಕೊಡುವ ಸಂಸ್ಥೆ ಯಾವುದು ಎಂಬ ಎರಡನ್ನು ಮೊದಲು ಓದಿ. ಸೇರಿಸಿಕೊಳ್ಳುತ್ತೇವೆ ಎಂದು ಯಾರದೋ ವೈಯಕ್ತಿಕ ಖಾತೆಗೆ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕಡೆಯದಾಗಿ ಅನುಭವ ಪತ್ರದ ಮಾತು. ಎರಡು ವರ್ಷ ಹೀಲಿಯಂ ತುಂಬಿ, ನೂರಾರು ಮಾದರಿಗಳನ್ನು ಅಳೆದವನ ಕೈಗೆ ಹೋಗುವಾಗ ಸಿಗುವುದು "ಯೋಜನೆಯಲ್ಲಿ ಕೆಲಸ ಮಾಡಿದ್ದಾರೆ" ಎಂಬ ಒಂದೇ ಸಾಲಿನ ಪತ್ರ. ಹೊರಗುತ್ತಿಗೆಯವನಿಗೆ ಅದೂ ಇಲ್ಲ. ಯಾವ ಉಪಕರಣವನ್ನು ಎಷ್ಟು ಕಾಲ ಯಾರ ಸಹಾಯವೂ ಇಲ್ಲದೆ ನಡೆಸಿದ್ದಾನೆ ಎಂದು ಬರೆದು ವಿಭಾಗದ ಮುಖ್ಯಸ್ಥರು ಸಹಿ ಮಾಡಿದರೆ, ಮುಂದಿನ ಹುದ್ದೆಗೆ ಅದೇ ಅವನ ಬಂಡವಾಳ. ಕಾಯಂ ನೇಮಕಾತಿ ನಡೆಯುವಾಗಲೂ ಆ ಅನುಭವಕ್ಕೆ ಒಂದಿಷ್ಟು ಅಂಕ ಕೊಡುವಂತೆ ನಿಯಮ ತಿದ್ದಬೇಕೆಂದು ಉನ್ನತ ಶಿಕ್ಷಣ ಸಚಿವರಲ್ಲಿ ಈ ಪತ್ರದ ಮೂಲಕ ವಿನಂತಿಸುತ್ತೇನೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಸಿಬ್ಬಂದಿಯ ಪಟ್ಟಿಯನ್ನೂ ಅವರ ಸಂಬಳವನ್ನೂ ತಾವಾಗಿಯೇ ಪ್ರಕಟಿಸಬೇಕೆಂದು 2005ರಿಂದಲೂ ಹೇಳುತ್ತಿದೆ. ಆ ಪಟ್ಟಿಯ ಪಕ್ಕದಲ್ಲೇ ಮಂಜೂರಾದ ತಾಂತ್ರಿಕ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಖಾಲಿ ಎಷ್ಟು ಎಂಬ ಮೂರು ಅಂಕಿಗಳನ್ನು ಪ್ರತಿ ವಿಶ್ವವಿದ್ಯಾಲಯವೂ ಹಾಕಲಿ.

ತಮ್ಮಲ್ಲಿಯೂ ಒಂದು ಕೋರಿಕೆ ಇದೆ. ಪತ್ರಿಕೆಯ ಉದ್ಯೋಗ ಪುಟದಲ್ಲಿ ಬ್ಯಾಂಕು, ರೈಲ್ವೆ, ಪೊಲೀಸ್ ನೇಮಕಾತಿಗಳ ಸುದ್ದಿ ಚೆನ್ನಾಗಿ ಬರುತ್ತಿದೆ. ಅದರಲ್ಲೇ ವಾರಕ್ಕೊಮ್ಮೆ ಕಾಲು ಪುಟವನ್ನು ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾ ಸಂಸ್ಥೆಗಳ ತಾಂತ್ರಿಕ ಹುದ್ದೆಗಳಿಗೆ ಮೀಸಲಿಟ್ಟರೆ, ಜಾಲತಾಣಗಳನ್ನು ಜಾಲಾಡಿ ಪಟ್ಟಿ ಮಾಡಿ ಕನ್ನಡಕ್ಕೆ ತಂದುಕೊಡುವ ಕೆಲಸವನ್ನು ನಾನೂ ನನ್ನಂಥ ಇನ್ನಿಬ್ಬರು ನಿವೃತ್ತರೂ ಸಂಬಳವಿಲ್ಲದೆ ಮಾಡಲು ಸಿದ್ಧರಿದ್ದೇವೆ. ನಮ್ಮ ಬೀದಿಯ ಹುಡುಗಿ ಈಗಾಗಲೇ ಮೂರು ತಿಂಗಳಿಂದ ಒಂದು ನೋಟ್‌ಬುಕ್ಕಿನಲ್ಲಿ ಅಂಥ ಪಟ್ಟಿ ಬರೆದಿಡುತ್ತಿದ್ದಾಳೆ. ತಾವು ಒಪ್ಪಿದರೆ ಮೊದಲ ವಾರದ ಪಟ್ಟಿಯನ್ನು ಅದರಿಂದಲೇ ಕಳಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ತಾಂತ್ರಿಕ ಸಿಬ್ಬಂದಿ, ರಾಣೆಬೆನ್ನೂರು